ಸೊನ್ನೆಗೆ ಸಿಕ್ಕಿದ ಸೊನ್ನೆ

ಅವತ್ತು ಸೋಮವಾರ. ಮಂಗಳೂರಿನ ಮಳೆಗಾಲ ಗೊತ್ತಲ್ಲ, ಕೊಡೆ ಹಿಡಿದರೂ ಅರ್ಧ ಮೈ ಒದ್ದೆ. ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಸ್ ಹತ್ತಿ, ನಿಂತುಕೊಂಡೇ ಬಂದು, ಶಾಲೆಯ ಜಗಲಿ ಹತ್ತುವಾಗ ಒಂಬತ್ತೂಕಾಲು. ಸ್ಟಾಫ್ ರೂಮಿನ ಬಾಗಿಲ ಹತ್ತಿರ ಒಬ್ಬರು ಹೆಂಗಸು ನಿಂತಿದ್ದರು. ತಲೆಯ ಮೇಲೆ ಸಿಮೆಂಟ್ ಚೀಲದ ಕೊಪ್ಪೆ. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲ್.

“ಸಮಾಜ ವಿಜ್ಞಾನದ ಬಾಯಾರು ನೀವ ಏನ್ರಿ?”

ಹೌದೆಂದೆ. ಅವರು ಕವರ್ ಬಿಚ್ಚಿ ಮೊಬೈಲನ್ನು ನನ್ನ ಕೈಗಿಟ್ಟರು.

“ನಿನ್ನಿ ರಾತ್ರಿ ಇದು ಬಂದೈತ್ರಿ. ನಮಗ ಓದಾಕ ಬರಂಗಿಲ್ಲ. ಬಾಜೂ ಮನಿ ಹುಡುಗ ಓದಿ ಹೇಳಿದ, ನಿಮ್ಮ ಹುಡುಗಿ ಭಾಳ ಹಿಂದ ಬಿದ್ದಾಳ ಅಂತ ಶಾಲ್ಯಾಗಿಂದ ಬರದಾರ ಅಂದ. ಅಕಿ ರಾತ್ರಿ ಉಂಡಿಲ್ರಿ. ಖರೇನಾ ಬಾಯಾರ, ಅಷ್ಟು ದಡ್ಡಿ ಅದಾಳೇನ್ರಿ?”

ಪರದೆಯ ಮೇಲೆ ಇದ್ದದ್ದು ಮೂರೇ ಸಾಲು. ‘ನಿಮ್ಮ ಮಗುವಿನ ಸಾಧನೆ ನಿರೀಕ್ಷಿತ ಮಟ್ಟಕ್ಕಿಂತ ಕಡಿಮೆ ಇದೆ. ಅಂಕ 4/10. ಹೆಚ್ಚಿನ ಗಮನ ಅಗತ್ಯ.’ ಕೆಳಗೆ ನನ್ನ ಹೆಸರು. ಆ ಸಂದೇಶವನ್ನು ನಾನು ಬರೆದೇ ಇರಲಿಲ್ಲ. ಆದರೆ ಕಳಿಸಿದ್ದು ನಾನಲ್ಲ ಎಂದು ಹೇಳುವ ಹಾಗೂ ಇರಲಿಲ್ಲ.

ನಾನು ಬಿ.ಎಡ್. ಓದುತ್ತಿದ್ದೇನೆ. ಇಂಟರ್ನ್‌ಶಿಪ್ ಎಂದು ನಮ್ಮನ್ನು ಕೆಲವು ವಾರ ಶಾಲೆಗಳಿಗೆ ಕಳಿಸುತ್ತಾರೆ. ಆಗ ನಾವು ಪೂರ್ತಿ ಟೀಚರೂ ಅಲ್ಲ, ಪೂರ್ತಿ ವಿದ್ಯಾರ್ಥಿನಿಯರೂ ಅಲ್ಲ. ಮಕ್ಕಳು ‘ಟೀಚರ್’ ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಕುರ್ಚಿ ಖಾಲಿ ಇದ್ದರೆ ಕೂರಬಹುದು. ನನಗೆ ಸಿಕ್ಕಿದ್ದು ನಗರದ ಅಂಚಿನ ಒಂದು ಕನ್ನಡ ಮಾಧ್ಯಮ ಶಾಲೆಯ ಎಂಟನೇ ತರಗತಿ. 41 ಮಕ್ಕಳು. ಅರ್ಧದಷ್ಟು ಮಕ್ಕಳ ಮನೆಮಾತು ತುಳು. ಬ್ಯಾರಿ, ಕೊಂಕಣಿ ಮಾತಾಡುವವರೂ ಇದ್ದರು. ಉಳಿದವರು ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವರ ಮಕ್ಕಳು. ಈ ಊರಿನ ಎಷ್ಟೋ ಕನ್ನಡ ಶಾಲೆಗಳು ಬಾಗಿಲು ಮುಚ್ಚದೆ ಉಳಿದಿರುವುದು ಇವರಿಂದಲೇ ಎಂದು ಹಿರಿಯ ಟೀಚರುಗಳು ಹೇಳುತ್ತಾರೆ.

ನಾನು ಸೇರಿದ ವಾರವೇ ಶಾಲೆಗೆ ಒಂದು ಆನ್‌ಲೈನ್ ಮೌಲ್ಯಮಾಪನದ ಸಾಫ್ಟ್‌ವೇರ್ ಬಂತು. ಒಂದು ವರ್ಷ ಉಚಿತ, ಆಮೇಲೆ ನೋಡುವ ಎಂದು ಕಂಪೆನಿಯ ಹುಡುಗನೊಬ್ಬ ಬಂದು ಲೈಬ್ರರಿಯಲ್ಲಿ ಅರ್ಧ ದಿನ ತರಬೇತಿ ಕೊಟ್ಟ. ಅವನು ತೋರಿಸಿದ ಒಂದೊಂದಕ್ಕೂ ನಾವು ‘ಅಬ್ಬಾ’ ಎಂದೆವು. ಪ್ರಶ್ನೆಗಳನ್ನು ಒಂದು ಕಡೆ ತುಂಬಿಸಿಟ್ಟರೆ ಸಾಕು, ಒಬ್ಬೊಬ್ಬ ಮಗುವಿಗೂ ಬೇರೆ ಬೇರೆ ಕ್ರಮದಲ್ಲಿ ಹೋಗುತ್ತವೆ. ಉತ್ತರ ಬಂದ ಕ್ಷಣವೇ ಅಂಕ. ಪರೀಕ್ಷೆಯ ಮಧ್ಯೆ ಮಗು ಬೇರೆ ಪುಟ ತೆರೆದರೆ ಟೀಚರಿಗೆ ಸೂಚನೆ. ಹೆಡ್ ಮಾಸ್ಟರಿಗೆ ಪ್ರತ್ಯೇಕ ಪರದೆ. ಅದರಲ್ಲಿ ಇಡೀ ಶಾಲೆಯ ಮಕ್ಕಳು ಹಸಿರು, ಹಳದಿ, ಕೆಂಪು ಚುಕ್ಕೆಗಳಾಗಿ ಕಾಣುತ್ತಾರೆ. ಪ್ರತಿ ಭಾನುವಾರ ಸಂಜೆ ಹೆತ್ತವರ ಮೊಬೈಲಿಗೆ ವಾರದ ವರದಿ ತಾನಾಗಿ ಹೋಗುತ್ತದೆ. “ನೀವು ಏನೂ ಮಾಡ್ಬೇಕಾಗಿಲ್ಲ ಮೇಡಂ” ಎಂದು ಅವನು ಕಡಿಮೆಯೆಂದರೂ ಹತ್ತು ಸಲ ಹೇಳಿದ. ಆ ಮಾತನ್ನು ನಾನು ಸ್ವಲ್ಪ ಜಾಸ್ತಿಯೇ ನಂಬಿದೆ.

ನಂಬದೆ ಏನು? ನನ್ನ ತಲೆಮಾರಿನವರಿಗೆ ಆನ್‌ಲೈನ್ ಪರೀಕ್ಷೆ ಎಂದರೆ ನೆನಪಾಗುವುದು ಕೊರೊನಾ ಕಾಲ. ಹಾಳೆಯಲ್ಲಿ ಬರೆದು, ಫೋಟೊ ಹೊಡೆದು, ವಾಟ್ಸ್ಆ್ಯಪ್‌ಗೆ ಹಾಕಿ, ನೀಲಿ ಟಿಕ್ ಬರಲಿ ಎಂದು ಕಾಯುವುದು. 2021ರ ಜೂನ್‌ನಲ್ಲಿ ನಮ್ಮ ಜಿಲ್ಲೆಯದೇ ಒಂದು ಫೋಟೊ ದೇಶವಿಡೀ ಓಡಾಡಿತ್ತು: ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆ, ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತದ್ದು. ಅದರ ಮರುತಿಂಗಳು ನನ್ನ ತಮ್ಮ ಎಸ್ಸೆಸ್ಸೆಲ್ಸಿ ಬರೆದ. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಆರು ವಿಷಯ, ದಿನಕ್ಕೆ 120 ಅಂಕ, ಎಲ್ಲ ಬಹು ಆಯ್ಕೆ, ಓಎಂಆರ್ ಹಾಳೆ. “ಉರುಟು ತುಂಬಿಸಿ ಬಂದೆ” ಎಂದು ಮನೆಗೆ ಬಂದು ಮಲಗಿದ್ದ.

ಈ ಉರುಟು ತುಂಬಿಸುವ ವ್ಯವಹಾರದ ಹಿಂದೆಯೂ ಒಬ್ಬ ಮೇಷ್ಟ್ರಿದ್ದಾರೆ ಎಂಬುದು ನನಗೆ ಬಿ.ಎಡ್.ಗೆ ಬಂದ ಮೇಲೆ ಗೊತ್ತಾಯಿತು. ಅಮೆರಿಕದ ಮಿಷಿಗನ್‌ನ ಹೈಸ್ಕೂಲ್ ವಿಜ್ಞಾನ ಶಿಕ್ಷಕ ರೆನಾಲ್ಡ್ ಜಾನ್ಸನ್. ಪೆನ್ಸಿಲ್ ಗೀರಿನಲ್ಲಿರುವ ಗ್ರಾಫೈಟ್ ವಿದ್ಯುತ್ ಹರಿಯಲು ಬಿಡುತ್ತದೆ, ಹಾಗಾದರೆ ಗೀರು ಎಲ್ಲಿದೆ ಎಂದು ಯಂತ್ರವೇ ಪತ್ತೆ ಮಾಡಬಹುದು ಎಂಬುದು ಅವರ ಉಪಾಯ. ಐಬಿಎಂ ಅವರನ್ನು ಕರೆದು ಕೆಲಸ ಕೊಟ್ಟಿತು. 1938ರಲ್ಲಿ ಆ ಯಂತ್ರ ಮಾರುಕಟ್ಟೆಗೆ ಬಂತು. ಮುಂದೆ ಇದೇ ಜಾನ್ಸನ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಂಡುಹಿಡಿದ ತಂಡದ ಮುಖ್ಯಸ್ಥರಾದರು. ಪೇಪರ್ ತಿದ್ದಿ ಸಾಕಾದ ಮೇಷ್ಟ್ರು ಎಲ್ಲಿಗೆ ಬೇಕಾದರೂ ಮುಟ್ಟಬಹುದು ಅಂತಾಯಿತು.

ನನ್ನ ವಿಷಯಕ್ಕೆ ಬರುತ್ತೇನೆ. ‘ಶಾತವಾಹನರು, ಕದಂಬರು, ಗಂಗರು’ ಪಾಠ ಮುಗಿಸಿದ್ದೆ. ಮೊದಲ ಮೂರು ಕಿರುಪರೀಕ್ಷೆಗಳು ಬಹು ಆಯ್ಕೆಯವೇ ಆಗಿದ್ದವು. ನಾಲ್ಕನೆಯದರಲ್ಲಿ ಮಕ್ಕಳು ಸ್ವತಃ ಬರೆಯಲಿ ಎಂದು ಆಸೆಯಾಯಿತು. ಟಿಕ್ ಹಾಕುವುದರಲ್ಲಿ ಅದೃಷ್ಟವೂ ಸೇರುತ್ತದಲ್ಲ. ಒಂದೊಂದು ಪದದ ಉತ್ತರ ಬರುವ ಹತ್ತು ಪ್ರಶ್ನೆ ಮಾಡಿದೆ. ಬನವಾಸಿಯಿಂದ ಆಳಿದ ಮನೆತನ ಯಾವುದು? ತಲಕಾಡಿನಿಂದ ಆಳಿದವರು ಯಾರು? ಮಯೂರಶರ್ಮ ಓದಲು ಹೋಗಿ ಅವಮಾನ ಉಂಡ ಊರು? ಅವನ ಕಥೆ ಹೇಳುವ ಶಾಸನ ಇರುವ ಊರು? ಶ್ರವಣಬೆಳಗೊಳದ ಗೊಮ್ಮಟನನ್ನು ಕೆತ್ತಿಸಿದವರು? ಇಂಥವು. ಪ್ರತಿಯೊಂದಕ್ಕೂ ಸರಿಯುತ್ತರ ಏನೆಂದು ಸಾಫ್ಟ್‌ವೇರ್‌ಗೆ ಮೊದಲೇ ಹೇಳಿಡಬೇಕು. ಕದಂಬ ಅಥವಾ ಕದಂಬರು, ಗಂಗ ಅಥವಾ ಗಂಗರು, ಕಂಚಿ, ತಾಳಗುಂದ, ಚಾವುಂಡರಾಯ ಎಂದು ತುಂಬಿಸಿದೆ. ಕೆಳಗೆ ಒಂದು ಚೌಕ ಇತ್ತು: ‘ಉಳಿದ ಎಲ್ಲ ಉತ್ತರಗಳನ್ನು ತಪ್ಪೆಂದು ಪರಿಗಣಿಸಿ.’ ಅದಕ್ಕೆ ಟಿಕ್ ಹಾಕಿದೆ. ಹಾಕದಿದ್ದರೆ ಹೊಂದದ ಉತ್ತರಗಳೆಲ್ಲ ನನ್ನ ಮುಂದೆ ಬಂದು ನಿಲ್ಲುತ್ತಿದ್ದವು, ಒಂದೊಂದಾಗಿ ನೋಡಬೇಕಿತ್ತು. ಲೆಸನ್ ಪ್ಲಾನ್ ಬರೆಯಲು ಬಾಕಿ ಇದ್ದ ರಾತ್ರಿ ಅದಕ್ಕೆಲ್ಲ ಯಾರಿಗೆ ಪುರುಸೊತ್ತು?

ಶಾಲೆಯಲ್ಲಿ ಅಷ್ಟು ಕಂಪ್ಯೂಟರ್ ಇಲ್ಲದ್ದರಿಂದ ಶುಕ್ರವಾರ ರಾತ್ರಿ ಎಂಟಕ್ಕೆ, ಅಪ್ಪ ಅಮ್ಮ ಕೆಲಸದಿಂದ ಬಂದ ಮೇಲೆ, ಮನೆಯ ಮೊಬೈಲಿನಲ್ಲೇ ಪರೀಕ್ಷೆ. ಎಂಟೂವರೆಗೆ ಮುಗಿಯಿತು. ಎಂಟು ಮೂವತ್ತೊಂದಕ್ಕೆ 41 ಪೇಪರ್ ತಿದ್ದಿ ಆಗಿತ್ತು. ನನ್ನ ಅಪ್ಪ ಮೇಷ್ಟ್ರು. ನಾನು ಸಣ್ಣವಳಿರುವಾಗ ಏಪ್ರಿಲ್ ತಿಂಗಳಿಡೀ ನಮ್ಮ ಮನೆಯ ಜಗಲಿಯಲ್ಲಿ ಉತ್ತರ ಪತ್ರಿಕೆಯ ಕಟ್ಟು, ಕೆಂಪು ಪೆನ್ನು, ಬೆನ್ನುನೋವಿನ ಎಣ್ಣೆಯ ವಾಸನೆ. ಅವರಿಗೆ ಫೋನ್ ಮಾಡಿ ಜಂಭದಲ್ಲಿ ಹೇಳಿದೆ. “ಒಳ್ಳೇದಾಯ್ತು. ಮಕ್ಕಳು ಎಂತ ಬರ್ದಿದ್ದಾರೆ ಅಂತ ನೋಡಿದ್ಯಾ?” ಎಂದರು. ನೋಡುವ ಅಗತ್ಯವೇ ಇಲ್ಲವಪ್ಪಾ ಎಂದು ನಕ್ಕೆ.

ಶನಿವಾರ ಹೆಡ್ ಮಾಸ್ಟರ್ ತಮ್ಮ ಪರದೆ ತೆರೆದರು. ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯ ಕ್ವಿಜ್‌ಗೆ ಇಬ್ಬರ ಹೆಸರು ಕೊಡಬೇಕಿತ್ತು. ಪಟ್ಟಿಯ ತಲೆಯಲ್ಲಿದ್ದ ಇಬ್ಬರ ಹೆಸರು ಹೋಯಿತು. ಭಾನುವಾರ ಸಂಜೆ ವಾರದ ವರದಿ ತಾನಾಗಿ ಹೊರಟಿತು. ಸೋಮವಾರ ಬೆಳಿಗ್ಗೆ ಈ ತಾಯಿ ಒಂದು ದಿನದ ಕೂಲಿ ಬಿಟ್ಟು, ಮಳೆಯಲ್ಲಿ, ಶಾಲೆಯ ಜಗಲಿಯಲ್ಲಿ.

ಅವರ ಮಗಳು ತರಗತಿಯಲ್ಲಿ ಮೂರನೇ ಬೆಂಚಿನ ತುದಿಯಲ್ಲಿ ಕೂರುವ ಹುಡುಗಿ. ಮಯೂರನ ಕಥೆ ಹೇಳಿದ ದಿನ, “ಆಮ್ಯಾಗ ಏನಾತ್ರಿ ಟೀಚರ್?” ಎಂದು ಬೆಲ್ ಹೊಡೆದ ಮೇಲೂ ಬಿಡದೆ ಕೇಳಿದವಳು. ಮೊದಲ ಮೂರು ಕಿರುಪರೀಕ್ಷೆಗಳಲ್ಲೂ ಮೊದಲ ಎರಡು ಸ್ಥಾನದೊಳಗೇ ಇದ್ದಳು. ಅವಳಿಗೆ ನಾಲ್ಕು ಅಂಕ ಹೇಗೆ ಬಂತು? ತಾಯಿಯನ್ನು ಕೂರಿಸಿ, ಲ್ಯಾಪ್‌ಟಾಪ್ ತೆರೆದು ಅವಳ ಉತ್ತರಗಳನ್ನು ಮೊದಲ ಸಲ ನೋಡಿದೆ.

ಬನವಾಸಿ: ಕದ೦ಬ. ತಪ್ಪು.
ತಲಕಾಡು: ಗ೦ಗರು. ತಪ್ಪು.
ಮಯೂರ ಹೋದ ಊರು: ಕ೦ಚಿ. ತಪ್ಪು.

ಪಕ್ಕದಲ್ಲೇ ಹಸಿರು ಬಣ್ಣದಲ್ಲಿ ನಾನು ಕೊಟ್ಟ ಸರಿಯುತ್ತರ. ಅದೂ ಅದೇ. ಕಣ್ಣುಜ್ಜಿ ನೋಡಿದೆ. ಅಕ್ಷರ ಬಿಡದೆ ಓದಿದೆ. ಸಾಫ್ಟ್‌ವೇರ್‌ಗೆ ತಲೆ ಕೆಟ್ಟಿದೆ ಎಂದುಕೊಂಡು ಪುಟದಲ್ಲಿ ‘ಕದಂಬ’ ಎಂದು ಹುಡುಕಲು ಕೊಟ್ಟೆ. ಉಳಿದ ಮಕ್ಕಳ ಉತ್ತರಗಳೆಲ್ಲ ಹಳದಿ ಬಣ್ಣಕ್ಕೆ ತಿರುಗಿದವು. ಅವಳದ್ದು ತಿರುಗಲಿಲ್ಲ. ಅಂದರೆ ಕಂಪ್ಯೂಟರ್ ಪ್ರಕಾರ ಅವಳು ಬರೆದದ್ದು ಕದಂಬ ಅಲ್ಲವೇ ಅಲ್ಲ. ತಪ್ಪಾದ ಆರರಲ್ಲಿ ಐದು ಹೀಗೇ ಇದ್ದವು. ಐದರಲ್ಲೂ ಒಂದು ಸೊನ್ನೆ ಇತ್ತು. ಸೊನ್ನೆ ಇಲ್ಲದ ಉತ್ತರಗಳಿಗೆ, ಒಂದನ್ನು ಬಿಟ್ಟು, ಪೂರ್ತಿ ಅಂಕ.

ಹುಡುಗಿಯನ್ನು ಕರೆಸಿದೆ. ಮುಖ ಊದಿತ್ತು. “ಕದಂಬದ ಸೊನ್ನೆ ಹೇಗೆ ಹಾಕಿದೆ ಪುಟ್ಟಾ, ತೋರಿಸು” ಎಂದು ಅವಳ ಅಮ್ಮನ ಮೊಬೈಲನ್ನೇ ಕೊಟ್ಟೆ. ಕ, ದ ಒತ್ತಿದಳು. ಆಮೇಲೆ ಅಂಕೆಗಳ ಪುಟಕ್ಕೆ ಹೋಗಿ, ಕನ್ನಡ ಅಂಕಿಯ ಸೊನ್ನೆ ಒತ್ತಿ, ವಾಪಸ್ ಬಂದು ಬ ಹಾಕಿದಳು.

“ಸೊನ್ನಿ ಅಂದ್ರ ಅದ ಅಲ್ಲೇನ್ರಿ ಟೀಚರ್? ನೀವ ಹೇಳಿದ್ರಲ್ರಿ, ಕ, ದ, ಸೊನ್ನಿ, ಬ ಅಂತ.”

ಹೌದು, ಹೇಳಿದ್ದೆ. ಬೋರ್ಡಿನ ಮುಂದೆ ನಿಂತು, ಕಾಗುಣಿತ ತಪ್ಪಬಾರದೆಂದು, ಬಿಡಿಸಿ ಬಿಡಿಸಿ ಹೇಳಿದ್ದೆ. ನಮ್ಮ ಭಾಷೆಯಲ್ಲಿ ಅನುಸ್ವಾರಕ್ಕೂ ಸೊನ್ನೆ, ಲೆಕ್ಕದ ಅಂಕಿಗೂ ಸೊನ್ನೆ. ಬರೆದರೆ ಎರಡೂ ಉರುಟೇ. ಹಾಳೆಯ ಮೇಲೆ ಈ ಸಮಸ್ಯೆ ಬರುವುದಕ್ಕೇ ಸಾಧ್ಯವಿರಲಿಲ್ಲ.

ಕಂಪ್ಯೂಟರಿಗೆ ಅಕ್ಷರದ ಆಕಾರ ಗೊತ್ತಿಲ್ಲ, ಅದಕ್ಕೆ ಕೊಟ್ಟ ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಎಲ್ಲ ಲಿಪಿಗಳಿಗೆ ಹೀಗೆ ಸಂಖ್ಯೆ ಹಂಚಿರುವ ಪಟ್ಟಿಯೇ ಯುನಿಕೋಡ್. ಅದರಲ್ಲಿ ಅನುಸ್ವಾರದ ಸಂಖ್ಯೆ 3202. ಕನ್ನಡ ಅಂಕಿ ಸೊನ್ನೆಯದ್ದು 3302. ಕಣ್ಣಿಗೆ ಒಂದೇ ಆದ ಎರಡು ಉರುಟುಗಳ ನಡುವೆ ನೂರು ಮನೆಗಳ ದೂರ. ಕೆಲವು ಫಾಂಟ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದೊಡ್ಡದು, ಅಷ್ಟೇ. ಹಳೆಯ ಕನ್ನಡ ಜಾಲತಾಣಗಳಲ್ಲಿ ಈ ಅದಲು ಬದಲು ಇವತ್ತಿಗೂ ಸಿಗುತ್ತದೆ. ಅಲ್ಲಿ ‘ಮಂಗಳೂರು’ ಎಂದು ಹುಡುಕಿದರೆ ಕಣ್ಣೆದುರಿಗಿರುವ ಮಂಗಳೂರು ಸಿಗುವುದಿಲ್ಲ. ‘ಕೊ’ ಎಂಬ ಅಕ್ಷರದ ಕಥೆ ಬೇರೆ. ಅದರ ಸ್ವರಚಿಹ್ನೆಯನ್ನು ಇಡಿಯಾಗಿಯೂ ಬರೆಯಬಹುದು, ಎರಡು ತುಂಡು ಸೇರಿಸಿಯೂ ಬರೆಯಬಹುದು, ಆದರೆ ಎರಡೂ ಒಂದೇ ಎಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಒಳ್ಳೆಯ ಸಾಫ್ಟ್‌ವೇರ್‌ಗಳು ಆ ನಿಯಮ ಪಾಲಿಸುತ್ತವೆ. ಸೊನ್ನೆಗಳ ವಿಷಯದಲ್ಲಿ ಅಂಥ ನಿಯಮ ಇಲ್ಲ. ಯಂತ್ರದ ಲೆಕ್ಕದಲ್ಲಿ ಅವೆರಡೂ ಬೇರೆಯೇ.

ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತವರಿಗೆ ಈ ಗೊಂದಲ ಅಷ್ಟಾಗಿ ಆಗುವುದಿಲ್ಲ. ನುಡಿಯಲ್ಲಿ ಶಿಫ್ಟ್ ಹಿಡಿದು ಎಮ್ ಒತ್ತಿದರೆ ಅನುಸ್ವಾರ ಬರುತ್ತದೆ ಎಂದು ಬೆರಳಿಗೇ ಗೊತ್ತಿರುತ್ತದೆ. ಉಚ್ಚಾರಕ್ಕೆ ಹೊಂದುವ ಈ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. (ಅವರ ಊರಿನ ಹೆಸರಿನಲ್ಲೂ ಒಂದು ಸೊನ್ನೆ ಇದೆ ನೋಡಿ.) ಆದರೆ ನಮ್ಮ ಮಕ್ಕಳು ಕನ್ನಡ ಟೈಪಿಂಗ್ ಕಲಿಯುವುದು ಅಪ್ಪನ ಮೊಬೈಲಿನಲ್ಲಿ, ಯಾರೂ ಹೇಳಿಕೊಡದೆ. ಟೈಪ್ ಮಾಡಿ ಉತ್ತರಿಸಿ ಎಂದ ನಾನೂ ಟೈಪ್ ಮಾಡುವುದು ಹೇಗೆಂದು ಒಂದು ನಿಮಿಷ ಹೇಳಿಕೊಟ್ಟಿರಲಿಲ್ಲ.

ತಾಯಿಗೆ ಇದನ್ನು ವಿವರಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. “ಅಂದ್ರ ಅಕಿ ಸರಿ ಬರದಾಳ, ಮಷೀನ್ ತಿಳಕೊಂಡಿಲ್ಲ, ಅಷ್ಟ ಹೌದಲ್ರಿ?” ಎಂದರು. “ಹಾಗೇ ಅಮ್ಮ. ಅವಳ ಅಂಕ ಹತ್ತಕ್ಕೆ ಒಂಬತ್ತು. ತಪ್ಪು ನನ್ನದು” ಎಂದೆ. ಅವರು ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, “ಹೋಗು, ಬುತ್ತಿ ಉಣ್ಣು” ಎಂದು ಹೇಳಿ, ಕೊಪ್ಪೆ ಹಾಕಿಕೊಂಡು ಹೊರಟರು. ಹೊರಡುವಾಗ ನಿಂತು, “ಆ ಮೆಸೇಜ್ ಅಳಿಸಿಬಿಡ್ರಿ ಬಾಯಾರ, ಅವರಪ್ಪ ಮತ್ತ ಮತ್ತ ನೋಡಾಕತ್ತಾನ” ಎಂದರು. ಕಳಿಸಿದ ಸಂದೇಶ ವಾಪಸ್ ಪಡೆಯುವ ಸೌಲಭ್ಯ ಆ ಸಾಫ್ಟ್‌ವೇರ್‌ನಲ್ಲಿ ಇರಲಿಲ್ಲ. ಅವರ ಮೊಬೈಲಿನಿಂದ ನಾನೇ ಅಳಿಸಿದೆ. ಆಮೇಲೆ ನನ್ನ ಕೈಯಾರೆ ಟೈಪ್ ಮಾಡಿ ಇನ್ನೊಂದು ಕಳಿಸಿದೆ.

ಹೆಡ್ ಮಾಸ್ಟರ್ ರೂಮಿಗೆ ಹೋಗುವುದೇ ಹೆಚ್ಚು ಕಷ್ಟವಾದದ್ದು. ಪೂರ್ತಿ ಕೇಳಿ, “ಇದು ಸಾಫ್ಟ್‌ವೇರಿನ ತಪ್ಪಾ, ನಿಮ್ದಾ?” ಎಂದರು. ಟಿಕ್ ಹಾಕಿದ್ದು ನಾನೇ ಸರ್ ಎಂದೆ. ಅವರು ಆ ಕೂಡಲೇ ಕ್ವಿಜ್ ಹೆಸರಿನ ಬಗ್ಗೆ ಫೋನ್ ಮಾಡಿದರು. ಎರಡು ನಿಮಿಷ ‘ಹೌದಾ, ಹೌದಾ’ ಎಂದು ಕೇಳಿ ಇಟ್ಟರು. “ಪಟ್ಟಿ ಮೇಲೆ ಹೋಗಿ ಆಯ್ತಂತೆ. ಈಗ ಬದಲಿಸ್ಲಿಕ್ಕೆ ಆಗುದಿಲ್ಲಂತೆ.” ಆ ವರ್ಷದ ಕ್ವಿಜ್‌ಗೆ ಅವಳು ಹೋಗಲಿಲ್ಲ. ಹೋದವರು ಸೋತರೋ ಗೆದ್ದರೋ ಎಂಬುದು ಇಲ್ಲಿ ಮುಖ್ಯವಲ್ಲ. ಅವರೂ ಚುರುಕಿನ ಮಕ್ಕಳೇ.

ಅವತ್ತು ರಾತ್ರಿ 41 ಮಕ್ಕಳ ನಾನೂರ ಹತ್ತು ಉತ್ತರಗಳನ್ನೂ ನೋಡಿದೆ. ಎರಡು ಗಂಟೆ ಹಿಡಿಯಿತು. ಸೊನ್ನೆಯ ಗಲಾಟೆ ಇನ್ನೊಬ್ಬ ಹುಡುಗನ ಒಂದು ಉತ್ತರದಲ್ಲಿ ಮಾತ್ರ ಇತ್ತು. ಆದರೆ ಬೇರೆ ಏನೇನೋ ಸಿಕ್ಕಿತು. ‘ಕದಂಬ ವಂಶ’ ಎಂದು ಬರೆದವರಿಗೆ ಅಂಕ ಇಲ್ಲ. ‘ಚಾವುಂಡರಾಯ’ ಬದಲು ‘ಚಾಮುಂಡರಾಯ’ ಎಂದವರಿಗೆ ಇಲ್ಲ, ಪುಸ್ತಕಗಳಲ್ಲಿ ಎರಡೂ ರೂಪ ಇದ್ದರೂ. ಎಲ್ಲಕ್ಕಿಂತ ವಿಚಿತ್ರ ಕಂಚಿಯ ಪ್ರಶ್ನೆ.

ಮೌಲ್ಯಮಾಪನದ ಪೇಪರಿನಲ್ಲಿ ನಾವು ಉರು ಹೊಡೆದ ಒಂದು ಲೆಕ್ಕ ಇದೆ. ಬಿ.ಎಡ್. ಮಾಡಿದವರಿಗೆ ನೆನಪಿರಬಹುದು. ಒಟ್ಟು ಅಂಕದಲ್ಲಿ ಮೇಲಿನ ಶೇ. 27 ಮಕ್ಕಳನ್ನು, ಕೆಳಗಿನ ಶೇ. 27 ಮಕ್ಕಳನ್ನು ತೆಗೆದುಕೊಳ್ಳಬೇಕು. ಈ 27ರ ಲೆಕ್ಕವನ್ನು ಟ್ರೂಮನ್ ಕೆಲ್ಲಿ ಎಂಬವರು 1939ರಲ್ಲಿ ಸಮರ್ಥಿಸಿ ತೋರಿಸಿದ್ದು. ಒಂದು ಪ್ರಶ್ನೆಗೆ ಮೇಲಿನ ಗುಂಪಿನಲ್ಲಿ ಎಷ್ಟು ಜನ ಸರಿ, ಕೆಳಗಿನ ಗುಂಪಿನಲ್ಲಿ ಎಷ್ಟು ಜನ ಸರಿ ಎಂದು ಕಳೆದು, ಒಂದು ಗುಂಪಿನ ಸಂಖ್ಯೆಯಿಂದ ಭಾಗಿಸಬೇಕು. ಒಳ್ಳೆಯ ಪ್ರಶ್ನೆಯಾದರೆ ಉತ್ತರ ಧನ ಸಂಖ್ಯೆ. ಋಣ ಬಂದರೆ ಪ್ರಶ್ನೆಯಲ್ಲೋ ಕೀ ಉತ್ತರದಲ್ಲೋ ಏನೋ ಎಡವಟ್ಟಿದೆ. ಪರೀಕ್ಷೆಗೆಂದು ಕಲಿತು ಮರೆತಿದ್ದೆ. ನನ್ನ 41ರಲ್ಲಿ ಶೇ. 27 ಎಂದರೆ ಹನ್ನೊಂದು. ಕಂಚಿಯ ಪ್ರಶ್ನೆಗೆ ಮೇಲಿನ ಹನ್ನೊಂದರಲ್ಲಿ ನಾಲ್ವರು ಸರಿ, ಕೆಳಗಿನ ಹನ್ನೊಂದರಲ್ಲಿ ಏಳು ಮಂದಿ! ನಾಲ್ಕರಿಂದ ಏಳು ಕಳೆದು ಹನ್ನೊಂದರಿಂದ ಭಾಗಿಸಿದರೆ ಮೈನಸ್ 0.27. ಯಾಕೆಂದರೆ ಓದುವ ಮಕ್ಕಳು ‘ಕಾಂಚೀಪುರ’, ‘ಕಾಂಚಿ’, ‘ಪಲ್ಲವರ ಕಂಚಿ’ ಎಂದೆಲ್ಲ ಬರೆದಿದ್ದರು. ಹೆಚ್ಚು ಗೊತ್ತಿದ್ದವರಿಗೆ ಕಡಿಮೆ ಅಂಕ.

ತಮಾಷೆ ಏನೆಂದರೆ ಈ ಲೆಕ್ಕವನ್ನು ನಾನು ಕ್ಯಾಲ್ಕುಲೇಟರ್ ಹಿಡಿದು ಮಾಡಿದ್ದೆ. ನಮ್ಮ ಸಾಫ್ಟ್‌ವೇರಿನಲ್ಲೇ ‘ಪ್ರಶ್ನೆ ವಿಶ್ಲೇಷಣೆ’ ಎಂಬ ಗುಂಡಿ ಇತ್ತು, ಒತ್ತಿದ್ದರೆ ಅದೇ ಕೆಂಪು ಮಾಡಿ ತೋರಿಸುತ್ತಿತ್ತು. ತರಬೇತಿಯ ಹುಡುಗ ಅದನ್ನು ತೋರಿಸಲಿಲ್ಲ, ನಾವೂ ಕೇಳಲಿಲ್ಲ. ನಮಗೆ ಬೇಕಿದ್ದದ್ದು ಮಕ್ಕಳ ಬಣ್ಣ. ಪ್ರಶ್ನೆಗೂ ಬಣ್ಣ ಇರಬಹುದೆಂದು ಹೊಳೆಯಲೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿ, 2002ರಲ್ಲಿ ಮೊದಲ ಆವೃತ್ತಿ ಬಂದ ‘ಮೂಡಲ್’ ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ಸಾಫ್ಟ್‌ವೇರ್. ಅದರ ಕ್ವಿಜ್ ವರದಿಯಲ್ಲೂ ಪ್ರಶ್ನೆ ಎಷ್ಟು ಸುಲಭ, ಮಕ್ಕಳನ್ನು ಎಷ್ಟು ಸರಿಯಾಗಿ ಬೇರ್ಪಡಿಸುತ್ತದೆ ಎಂಬ ಎರಡೂ ಲೆಕ್ಕ ಸಿಗುತ್ತದೆ. ಉತ್ತರದ ಜಾಗದಲ್ಲಿ ‘ಕದಂಬ’ ಎಂದು ಬರೆದು ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಕದಂಬರು, ಕದಂಬ ವಂಶ, ಕದಂಬ ಮನೆತನ ಎಲ್ಲ ಸರಿಯಾಗುತ್ತದೆ. ಬಿ.ಎಡ್., ಡಿ.ಎಡ್. ಓದುವವರು ಒಮ್ಮೆ ತೆರೆದು ನೋಡಿ. ಈಗ ಖಾಸಗಿ ಶಾಲೆಗಳ ಸಂದರ್ಶನದಲ್ಲಿ ‘ಆನ್‌ಲೈನ್ ಅಸೆಸ್‌ಮೆಂಟ್ ಮಾಡ್ಲಿಕ್ಕೆ ಬರ್ತದಾ?’ ಎಂಬ ಪ್ರಶ್ನೆ ಬರುತ್ತದೆ ಎಂದು ನಮ್ಮ ಸೀನಿಯರ್‌ಗಳು ಹೇಳುತ್ತಾರೆ.

ಎಂಜಿನಿಯರಿಂಗ್ ಓದುವ ಗೆಳತಿಗೆ ಈ ಕಥೆ ಹೇಳಿದಾಗ ಅವಳು ವಿಟಿಯು ಪದ್ಧತಿಯನ್ನು ನೆನಪಿಸಿದಳು. ಅಲ್ಲಿ ಉತ್ತರ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿದ್ದುತ್ತಾರೆ. ಓದುವುದು ಮನುಷ್ಯರೇ, ಕೂಡುವುದು ಯಂತ್ರ. ಒಟ್ಟು ಅಂಕ ತಪ್ಪಾಗಿ ಕೂಡಿ ಮರು ಎಣಿಕೆಗೆ ದುಡ್ಡು ಕಟ್ಟುವ ನಮ್ಮ ಹಳೆಯ ಕಷ್ಟ ಅಲ್ಲಿಲ್ಲ. ನನಗೆ ಆ ಹಂಚಿಕೆ ಸರಿ ಅನ್ನಿಸಿತು. ಓದುವುದನ್ನೂ ಯಂತ್ರಕ್ಕೇ ಬಿಟ್ಟಾಗ ಮೊದಲು ಏಟು ತಿನ್ನುವವರು ಯಾರು ಎಂಬುದು ಬೇರೆ ಕಡೆಯೂ ಕಂಡಿದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಬರಹ ಎಐ ಮಾಡಿದ್ದೋ ಅಲ್ಲವೋ ಎಂದು ಪತ್ತೆ ಮಾಡುವ ಏಳು ಸಾಫ್ಟ್‌ವೇರ್‌ಗಳಿಗೆ 91 ಟೋಫೆಲ್ ಪ್ರಬಂಧಗಳನ್ನು ಕೊಟ್ಟರು. ಎಲ್ಲವೂ ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಕೈಯಾರೆ ಬರೆದವು. ಸರಾಸರಿ ನೂರರಲ್ಲಿ 61ನ್ನು ಎಐ ಬರೆದದ್ದೆಂದು ಅವು ತೀರ್ಪು ಕೊಟ್ಟವು. ಸರಳವಾದ ಪದಗಳಲ್ಲಿ ಬರೆದದ್ದೇ ಅವರ ಅಪರಾಧ. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಟರ್ನಿಟಿನ್‌ನ ಎಐ ಪತ್ತೆ ಸೌಲಭ್ಯವನ್ನು ತನ್ನಲ್ಲಿ ನಿಲ್ಲಿಸಿತು. ನಮ್ಮ ಕಾಲೇಜುಗಳಲ್ಲೂ ಅಸೈನ್‌ಮೆಂಟಿಗೆ ಇಂಥ ಶೇಕಡಾವಾರು ಚೀಟಿ ಅಂಟಿ ಬರುವ ಕಾಲ ಬಂದಿದೆ. ಬಂದರೆ, ಅದರ ಮೇಲೆ ಯಾರು ಕಣ್ಣಾಡಿಸಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ ಅಂದುಕೊಂಡಿದ್ದೇನೆ.

ನಮ್ಮ ಶಾಲೆಯಲ್ಲಿ ಆ ಸೋಮವಾರದ ನಂತರ ಕೆಲವು ಗುಂಡಿಗಳು ಬದಲಾದವು. ಹೆತ್ತವರ ಸಂದೇಶ ತಾನಾಗಿ ಹೋಗುವುದನ್ನು ಹೆಡ್ ಮಾಸ್ಟರ್ ನಿಲ್ಲಿಸಿದರು. ಈಗ ಕ್ಲಾಸ್ ಟೀಚರ್ ನೋಡಿ ಒಪ್ಪಿದ ಮೇಲೆಯೇ ಹೋಗಬೇಕು. ಅಂಕವೂ ಮಕ್ಕಳಿಗೆ ಕೂಡಲೇ ಕಾಣುವುದಿಲ್ಲ, ಮರುದಿನ ಬಿಡುತ್ತೇವೆ. ‘ಉಳಿದದ್ದೆಲ್ಲ ತಪ್ಪು’ ಎಂಬ ಆ ಚೌಕಕ್ಕೆ ನಾನು ಮತ್ತೆ ಟಿಕ್ ಹಾಕಿಲ್ಲ. ಹಿರಿಯ ಟೀಚರೊಬ್ಬರು, “ಹಾಗಾದ್ರೆ ಇದು ಎಂತಕ್ಕೆ ಮಾರಾಯ್ತಿ, ನಾವೇ ನೋಡುದಾದ್ರೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ನಾನೂರ ಹತ್ತರಲ್ಲಿ ಮುನ್ನೂರು ಚಿಲ್ಲರೆಯನ್ನು ಅದು ಸರಿಯಾಗಿಯೇ ತಿದ್ದಿರುತ್ತದೆ. ಹೊಂದದೆ ಉಳಿದ ಐವತ್ತೋ ಅರವತ್ತೋ ಉತ್ತರಗಳು ಮಾತ್ರ ನನ್ನ ಮುಂದೆ ಬರುತ್ತವೆ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲಿ ಮಕ್ಕಳು ಏನು ಯೋಚಿಸುತ್ತಿದ್ದಾರೆ ಎಂದು ನನಗೆ ತಿಳಿಯುವಷ್ಟು ಇಡೀ ವಾರದ ಪಾಠದಲ್ಲೂ ತಿಳಿಯುವುದಿಲ್ಲ. ಗೊಮ್ಮಟನನ್ನು ಕೆತ್ತಿಸಿದವರು ಯಾರು ಎಂಬುದಕ್ಕೆ ಒಬ್ಬ, ‘ಕೆತ್ತಿದವರ ಹೆಸರು ಗೊತ್ತಿಲ್ಲ, ಕೆತ್ತಿಸಿದ್ದು ಚಾವುಂಡರಾಯ’ ಎಂದು ಬರೆದಿದ್ದ. ಅವನ ಅಪ್ಪ ಕಲ್ಲಿನ ಕೆಲಸದವರು. ಯಂತ್ರ ಅದಕ್ಕೂ ತಪ್ಪು ಹಾಕಿತ್ತು.

ಇಂಟರ್ನ್‌ಶಿಪ್ ಮುಗಿಯುವ ಮುಂಚಿನ ವಾರ ಕೊನೆಯ ಕಿರುಪರೀಕ್ಷೆ ಇಟ್ಟೆ. ಅದಕ್ಕೆ ಮೊದಲು ಒಂದು ಪೀರಿಯಡ್ ಪೂರ್ತಿ, ಕಂಪ್ಯೂಟರ್ ಕೋಣೆಯಲ್ಲಿ, ಒಂದು ಮೊಬೈಲಿಗೆ ನಾಲ್ವರಂತೆ ಕೂತು ಕನ್ನಡ ಟೈಪಿಂಗ್ ಕಲಿತೆವು. ಅನುಸ್ವಾರ ಎಲ್ಲಿದೆ, ಅಂಕಿ ಎಲ್ಲಿದೆ, ಒತ್ತಕ್ಷರ ಹೇಗೆ. ಬೋರ್ಡಿನ ಮೇಲೆ ಎರಡು ಸೊನ್ನೆ ಬರೆದು, ಇವುಗಳಲ್ಲಿ ಅಕ್ಷರ ಯಾವುದು, ಅಂಕಿ ಯಾವುದು ಎಂದು ಕೇಳಿದೆ. ಮಕ್ಕಳು ಗೊಳ್ಳೆಂದು ನಕ್ಕರು. ಬರೆದ ನನಗೂ ಗೊತ್ತಿರಲಿಲ್ಲ.

ಪರೀಕ್ಷೆ ಮುಗಿದ ಮರುದಿನ ಮೂರನೇ ಬೆಂಚಿನ ತುದಿಯಿಂದ ಕೈ ಎದ್ದಿತು.

“ಟೀಚರ್, ನಂದು ನೀವ ನೋಡಿದ್ರ್ಯಾ, ಮಷೀನ್ ನೋಡ್ತಾ?”

“ಇಬ್ಬರೂ ನೋಡಿದ್ದೇವೆ.”

“ಹಂಗಾರ ಎಷ್ಟು ಬಂದೈತಿ ಹೇಳ್ರಿ.”